ಎರಡು ದೂರದ ಊರುಗಳ ನಡುವೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು: ನೀವೇ ಲೆಕ್ಕ ಹಾಕಿಕೊಳ್ಳುವ ರೀತಿ

ಕೀನ್ಯಾದ ನೈರೋಬಿಯಿಂದ ಪೆರು ದೇಶದ ಲಿಮಾಗೆ ಎಷ್ಟು ದೂರ ಅಂತ ಹುಡುಕಿದರೆ ಉತ್ತರ ತಕ್ಷಣ ಸಿಗುತ್ತದೆ. ಸುಮಾರು 12,560 ಕಿಲೋಮೀಟರ್. ವಿಮಾನ ಗಂಟೆಗೆ 900 ಕಿಲೋಮೀಟರ್ ಹೋಗುತ್ತದೆ ಅಂದುಕೊಂಡು ಭಾಗಿಸಿದರೆ 14 ಗಂಟೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ 14 ಗಂಟೆಯಲ್ಲಿ ಯಾರೂ ನೈರೋಬಿಯಿಂದ ಲಿಮಾ ಮುಟ್ಟುವುದಿಲ್ಲ, ಯಾಕಂದ್ರೆ ಈ ಎರಡು ಊರುಗಳ ನಡುವೆ ನೇರ ವಿಮಾನವೇ ಇಲ್ಲ. ನಡುವೆ ಎಲ್ಲೋ ಇಳಿದು, ಕಾದು, ಇನ್ನೊಂದು ವಿಮಾನ ಹತ್ತಬೇಕು. ಅಷ್ಟರಲ್ಲಿ ಪೂರ್ತಿ ಒಂದು ದಿನ ಕಳೆದುಹೋಗಿರುತ್ತದೆ.

ದೂರ ಒಂದು ಸಂಖ್ಯೆ, ಹಾರಾಟದ ಸಮಯ ಇನ್ನೊಂದು, ಮನೆ ಬಿಟ್ಟಾಗಿನಿಂದ ಹೋಗಿ ಮುಟ್ಟುವವರೆಗಿನ ಸಮಯ ಮತ್ತೊಂದು. ಮೊದಲನೆಯದು ಗೊತ್ತಾದರೆ ಉಳಿದೆರಡೂ ಗೊತ್ತಾದ ಹಾಗೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಕನೆಕ್ಷನ್ ತಪ್ಪುವುದು, ಹೋಟೆಲನ್ನು ತಪ್ಪು ದಿನಕ್ಕೆ ಬುಕ್ ಮಾಡುವುದು, ಇಳಿದ ದಿನವೇ ಮೀಟಿಂಗ್ ಇಟ್ಟುಕೊಳ್ಳುವುದು ಎಲ್ಲ ಶುರುವಾಗುವುದು ಇಲ್ಲಿಂದಲೇ. ಒಂದು ಹಾಳೆ, ಒಂದು ಪೆನ್ನು, ಫೋನಿನ ಕ್ಯಾಲ್ಕುಲೇಟರ್ ಇದ್ದರೆ ಮೂರನ್ನೂ ನೀವೇ ತೆಗೆಯಬಹುದು.

ಮೊದಲ ಹೆಜ್ಜೆ: ಯಾವ ಊರು, ಯಾವ ವಿಮಾನ ನಿಲ್ದಾಣ

ಊರಿನ ಹೆಸರು ಟೈಪ್ ಮಾಡಿದರೆ ಸಾಕು ಅನ್ನಿಸುತ್ತದೆ. ಆದರೆ ಒಂದೇ ಹೆಸರಿನ ಊರುಗಳು ಬಹಳ ಇವೆ. ಸ್ಯಾನ್ ಹೋಸೆ ಎಂಬ ಊರು ಕೋಸ್ಟರಿಕಾದಲ್ಲೂ ಇದೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಇದೆ. ಸಿಡ್ನಿ ಅಂದರೆ ಆಸ್ಟ್ರೇಲಿಯಾದ್ದೇ ಅಂದುಕೊಳ್ಳಬೇಡಿ, ಕೆನಡಾದ ನೋವಾ ಸ್ಕೋಷಿಯಾದಲ್ಲೂ ವಿಮಾನ ನಿಲ್ದಾಣ ಇರುವ ಒಂದು ಸಿಡ್ನಿ ಇದೆ. ಹಾಗಾಗಿ ಹೆಸರಿನ ಬದಲು ಮೂರು ಅಕ್ಷರದ ನಿಲ್ದಾಣದ ಕೋಡ್ ಬಳಸಿ. ಟಿಕೆಟ್ ಮೇಲೆ, ಲಗೇಜ್ ಟ್ಯಾಗ್ ಮೇಲೆ ಇರುವುದು ಅದೇ. ಆಸ್ಟ್ರೇಲಿಯಾದ ಸಿಡ್ನಿಗೆ ಎಸ್‌ವೈಡಿ, ಕೆನಡಾದ್ದಕ್ಕೆ ವೈಕ್ಯೂವೈ.

ದೊಡ್ಡ ಊರುಗಳಲ್ಲಿ ಇನ್ನೊಂದು ತೊಡಕು ಇದೆ. ಲಂಡನ್ನಿನಲ್ಲಿ ಹೀಥ್ರೂ, ಗ್ಯಾಟ್ವಿಕ್. ಟೋಕಿಯೊದಲ್ಲಿ ಹನೇಡಾ, ನರೀತಾ. ನ್ಯೂಯಾರ್ಕಿನಲ್ಲಿ ಜೆಎಫ್‌ಕೆ, ನದಿ ದಾಟಿದರೆ ನ್ಯೂವಾರ್ಕ್. ಸಾವಿರಾರು ಕಿಲೋಮೀಟರ್ ಲೆಕ್ಕದಲ್ಲಿ ಇವುಗಳ ನಡುವಿನ ಅಂತರ ಏನೂ ಅಲ್ಲ ಅನ್ನಿಸಬಹುದು. ಆದರೆ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವ ಟಿಕೆಟ್ ಇದ್ದರೆ ಆ ಸಣ್ಣ ಅಂತರವೇ ಪೂರ್ತಿ ಪ್ಲಾನ್ ಕೆಡಿಸುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೇ ಹೆಜ್ಜೆ: ದೂರ ಅಳೆಯುವುದು

ಗೋಡೆಗೆ ನೇತುಹಾಕಿದ ಭೂಪಟದ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಯಬೇಡಿ. ಭೂಮಿ ದುಂಡಗಿದೆ, ಭೂಪಟ ಚಪ್ಪಟೆ. ಅದರ ಮೇಲಿನ ನೇರ ಗೆರೆ ಅತಿ ಹತ್ತಿರದ ದಾರಿಯಲ್ಲ. ಗೋಳ ಸಿಕ್ಕರೆ ಎರಡು ಊರುಗಳ ಮೇಲೆ ದಾರದ ಎರಡು ತುದಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಎಲ್ಲಿ ಹಾದು ಹೋಗುತ್ತದೋ ಅದೇ ಅತಿ ಹತ್ತಿರದ ದಾರಿ. ಇದಕ್ಕೆ ಗ್ರೇಟ್ ಸರ್ಕಲ್ ದಾರಿ ಅಂತಾರೆ.

ಟೋಕಿಯೊ ಮತ್ತು ಲಾಸ್ ಏಂಜಲೀಸ್ ತೆಗೆದುಕೊಳ್ಳಿ. ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಒಂದು 35.7 ಡಿಗ್ರಿ ಉತ್ತರ, ಇನ್ನೊಂದು 34.05. ಭೂಪಟದಲ್ಲಿ ನೋಡಿದರೆ ಪೆಸಿಫಿಕ್ ಸಾಗರದ ಮೇಲೆ ಅಡ್ಡಕ್ಕೆ ನೇರವಾಗಿ ಹೋದರಾಯಿತು ಅನ್ನಿಸುತ್ತದೆ, ಅಲ್ವಾ? ಹಾಗೆ ಹೋದರೆ ಸುಮಾರು 9,300 ಕಿಲೋಮೀಟರ್. ಆದರೆ ಗೋಳದ ಮೇಲೆ ದಾರ ಎಳೆದು ನೋಡಿ, ಅದು ಉತ್ತರಕ್ಕೆ ಬಾಗಿ ಸುಮಾರು 48 ಡಿಗ್ರಿವರೆಗೂ ಏರಿ, ಅಲ್ಯೂಷಿಯನ್ ದ್ವೀಪಗಳ ಹತ್ತಿರ ಹೋಗಿ ಮತ್ತೆ ಕೆಳಗೆ ಇಳಿಯುತ್ತದೆ. ಸುತ್ತಿ ಹೋದ ಹಾಗೆ ಕಾಣುವ ಈ ದಾರಿ 8,815 ಕಿಲೋಮೀಟರ್. 500 ಕಿಲೋಮೀಟರ್ ಉಳಿಯಿತು.

ಈ 8,815 ಎಲ್ಲಿಂದ ಬಂತು ಅಂತ ನೀವೇ ಲೆಕ್ಕ ಮಾಡಿ ನೋಡಬಹುದು. ಸೈಂಟಿಫಿಕ್ ಕ್ಯಾಲ್ಕುಲೇಟರ್ ಬೇಕು, ಫೋನನ್ನು ಅಡ್ಡ ತಿರುಗಿಸಿದರೆ ಬಹಳಷ್ಟು ಫೋನ್‌ಗಳಲ್ಲಿ ಬರುತ್ತದೆ. ಅದು ಡಿಗ್ರಿ ಮೋಡ್‌ನಲ್ಲಿದೆಯಾ ಅಂತ ಮೊದಲು ನೋಡಿಕೊಳ್ಳಿ. ರೇಡಿಯನ್ ಮೋಡ್‌ನಲ್ಲಿದ್ದರೆ ಬರುವ ಉತ್ತರಕ್ಕೆ ಅರ್ಥವೇ ಇರುವುದಿಲ್ಲ.

ಟೋಕಿಯೊ ಇರುವುದು 139.7 ಡಿಗ್ರಿ ಪೂರ್ವದಲ್ಲಿ, ಲಾಸ್ ಏಂಜಲೀಸ್ 118.25 ಡಿಗ್ರಿ ಪಶ್ಚಿಮದಲ್ಲಿ. ಒಂದು ಪೂರ್ವ, ಒಂದು ಪಶ್ಚಿಮ ಆದ್ದರಿಂದ ಎರಡನ್ನೂ ಕೂಡಿಸಿ: 257.95. ಇದು 180 ದಾಟಿತು, ಅಂದರೆ ನಾವು ಭೂಮಿಯನ್ನು ಉದ್ದದ ಕಡೆಯಿಂದ ಸುತ್ತುತ್ತಿದ್ದೇವೆ. 360ರಿಂದ ಕಳೆದರೆ 102.05 ಡಿಗ್ರಿ, ಇದೇ ಸರಿಯಾದ ವ್ಯತ್ಯಾಸ. ಈಗ ಎರಡು ಅಕ್ಷಾಂಶಗಳ ಸೈನ್ ತೆಗೆದು ಗುಣಿಸಿ, 0.3267 ಬರುತ್ತದೆ. ಎರಡರ ಕೊಸೈನ್ ತೆಗೆದು ಗುಣಿಸಿ, 0.6729. ಈ ಎರಡನೆಯದನ್ನು 102.05ರ ಕೊಸೈನ್‌ನಿಂದ, ಅಂದರೆ ಮೈನಸ್ 0.2088ರಿಂದ ಗುಣಿಸಿದರೆ ಮೈನಸ್ 0.1405. ಅದನ್ನು ಮೊದಲಿನ 0.3267ಕ್ಕೆ ಸೇರಿಸಿ, 0.1862 ಉಳಿಯುತ್ತದೆ. ಇದರ ವಿಲೋಮ ಕೊಸೈನ್ (ಕ್ಯಾಲ್ಕುಲೇಟರ್‌ನಲ್ಲಿ cos⁻¹) ತೆಗೆದರೆ 79.27 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿ ಅಂದರೆ ಸುಮಾರು 111.2 ಕಿಲೋಮೀಟರ್. ಗುಣಿಸಿ, 8,815 ಬಂತು.

ದಕ್ಷಿಣಾರ್ಧ ಗೋಳದ ಊರಾದರೆ ಅದರ ಅಕ್ಷಾಂಶಕ್ಕೆ ಮೈನಸ್ ಹಾಕುವುದನ್ನು ಮರೆಯಬೇಡಿ. ಈ ಒಂದು ಚಿಹ್ನೆ ಬಿಟ್ಟುಹೋದರೆ ದಕ್ಷಿಣದ ಊರು ಹೋಗಿ ಉತ್ತರದಲ್ಲಿ ಕೂರುತ್ತದೆ.

ಇಷ್ಟೆಲ್ಲ ಬೇಡ ಅಂದರೆ ಗೂಗಲ್ ಮ್ಯಾಪ್ಸ್‌ನಲ್ಲಿ ಒಂದು ಊರಿನ ಮೇಲೆ ರೈಟ್ ಕ್ಲಿಕ್ ಮಾಡಿ ದೂರ ಅಳೆಯುವ ಆಯ್ಕೆ ತೆಗೆದುಕೊಂಡು ಇನ್ನೊಂದು ಊರಿನ ಮೇಲೆ ಕ್ಲಿಕ್ ಮಾಡಿ. ಗೂಗಲ್ ಅರ್ತ್‌ನಲ್ಲೂ ಇದೇ ಸೌಲಭ್ಯ ಇದೆ. ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ಹಳೆಯ, ಒಳ್ಳೆಯ ಸೈಟ್ ಇದೆ, ನಿಲ್ದಾಣದ ಕೋಡ್‌ಗಳನ್ನು ಕೊಟ್ಟರೆ ದಾರಿಯನ್ನು ಬರೆದು ತೋರಿಸುತ್ತದೆ. ಆದರೂ ಒಂದು ಸಲ ಕೈಯಾರೆ ಲೆಕ್ಕ ಮಾಡಿ ನೋಡಿ ಅಂತ ಹೇಳುತ್ತೇನೆ. ಆಮೇಲೆ ಯಾವ ಸೈಟ್ ಏನು ತೋರಿಸಿದರೂ ಅದು ಸರಿಯೋ ತಪ್ಪೋ ಅಂತ ನಿಮಗೇ ತಿಳಿಯುತ್ತದೆ.

ತಪ್ಪು ಹಿಡಿಯಲು ಸುಲಭದ ದಾರಿ ಒಂದಿದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಹಾಗಾಗಿ ಯಾವ ಎರಡು ಊರುಗಳೂ ಒಂದಕ್ಕೊಂದು ಸುಮಾರು 20,000 ಕಿಲೋಮೀಟರ್‌ಗಿಂತ ದೂರ ಇರಲು ಸಾಧ್ಯವಿಲ್ಲ. ಅದಕ್ಕಿಂತ ಜಾಸ್ತಿ ಬಂದರೆ ಎಲ್ಲೋ ಎಡವಟ್ಟಾಗಿದೆ. ಯೂನಿಟ್ ಕೂಡ ನೋಡಿಕೊಳ್ಳಿ. ಮೈಲಿ ಅಂದರೆ 1.609 ಕಿಲೋಮೀಟರ್, ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿ 1.852 ಕಿಲೋಮೀಟರ್. ಎರಡನ್ನೂ ಬರೀ ಮೈಲಿ ಅಂತ ಬರೆದುಬಿಡುವವರಿದ್ದಾರೆ.

ಮೂರನೇ ಹೆಜ್ಜೆ: ನೇರ ವಿಮಾನ ಇದೆಯಾ

ಇದನ್ನು ಸಮಯದ ಲೆಕ್ಕಕ್ಕೆ ಮೊದಲೇ ನೋಡಿಕೊಳ್ಳಿ. ಈಗ ಜಗತ್ತಿನಲ್ಲಿ ಅತಿ ಉದ್ದದ ನೇರ ಹಾರಾಟ ಸಿಂಗಾಪುರದಿಂದ ನ್ಯೂಯಾರ್ಕಿಗೆ ಇದೆ, ಸುಮಾರು 15,300 ಕಿಲೋಮೀಟರ್, ಹೆಚ್ಚುಕಡಿಮೆ 18ರಿಂದ 19 ಗಂಟೆ. ಅದಕ್ಕೆಂದೇ ಇಂಧನ ಜಾಸ್ತಿ ಹಿಡಿಯುವ ಹಾಗೆ ಮಾಡಿದ ಏರ್‌ಬಸ್ ಎ350 ವಿಮಾನ ಬೇಕಾಗುತ್ತದೆ. ಪರ್ತ್‌ನಿಂದ ಲಂಡನ್ನಿಗೆ 2018ರ ಮಾರ್ಚ್‌ನಲ್ಲಿ ನೇರ ಸೇವೆ ಶುರುವಾಯಿತು, ಅದು ಸುಮಾರು 14,500 ಕಿಲೋಮೀಟರ್, 17 ಗಂಟೆಯ ಹಾದಿ. ನಿಮ್ಮ ಎರಡು ಊರುಗಳ ನಡುವಿನ ದೂರ 16,000 ಕಿಲೋಮೀಟರ್ ದಾಟಿದ್ದರೆ ನೇರ ವಿಮಾನದ ಆಸೆ ಸದ್ಯಕ್ಕೆ ಬಿಡಿ.

ದೂರ ಕಡಿಮೆ ಇದ್ದ ಮಾತ್ರಕ್ಕೆ ನೇರ ವಿಮಾನ ಇದ್ದೇ ಇರುತ್ತದೆ ಅಂತಲೂ ಅಲ್ಲ. ದಿನಾ ಸಾಕಷ್ಟು ಜನ ಓಡಾಡಿದರೆ ಮಾತ್ರ ವಿಮಾನ ಹಾಕುತ್ತಾರೆ.

ಡೈರೆಕ್ಟ್ ಅಂತ ಬರೆದಿದ್ದರೆ ಸುಮ್ನೆ ನಂಬಬೇಡಿ, ನಾನ್‌ಸ್ಟಾಪ್ ಅಂತ ಇದೆಯಾ ನೋಡಿ. ಡೈರೆಕ್ಟ್ ವಿಮಾನ ಅದೇ ಫ್ಲೈಟ್ ನಂಬರ್ ಇಟ್ಟುಕೊಂಡು ನಡುವೆ ಒಂದು ಊರಲ್ಲಿ ಇಳಿದು ಹೋಗಬಹುದು. ನಾನ್‌ಸ್ಟಾಪ್ ಎಲ್ಲೂ ಇಳಿಯುವುದಿಲ್ಲ.

ನಾಲ್ಕನೇ ಹೆಜ್ಜೆ: ಹಾರಾಟದ ಸಮಯ

ಈಗ ಮುಖ್ಯ ಲೆಕ್ಕ. ದೂರದ ಊರುಗಳಿಗೆ ಹೋಗುವ ಬೋಯಿಂಗ್ 787, ಏರ್‌ಬಸ್ ಎ350ಯಂಥ ದೊಡ್ಡ ವಿಮಾನಗಳು ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಹೋಗುತ್ತವೆ. ಸಣ್ಣ 737, ಎ320ಗಳು ಸ್ವಲ್ಪ ನಿಧಾನ, 830ರ ಆಸುಪಾಸು. ಆದರೆ ಯಾವ ವಿಮಾನವೂ ಗ್ರೇಟ್ ಸರ್ಕಲ್ ಗೆರೆಯ ಮೇಲೇ ಹೋಗುವುದಿಲ್ಲ. ನಿಗದಿಯಾದ ವಾಯುಮಾರ್ಗ ಹಿಡಿಯಬೇಕು, ಮೋಡ ಗಾಳಿ ತಪ್ಪಿಸಬೇಕು, ಇಳಿಯುವ ನಿಲ್ದಾಣದ ಹತ್ತಿರ ಸುತ್ತು ಹಾಕಿ ರನ್‌ವೇಗೆ ಸರಿಯಾಗಿ ಬರಬೇಕು. ಅದಕ್ಕೆ ನೂರಕ್ಕೆ ನಾಲ್ಕರಷ್ಟು ದೂರ ಸೇರಿಸುವುದು ನನ್ನ ರೂಢಿ. ಏರುವಾಗ, ಇಳಿಯುವಾಗ ವೇಗ ಕಡಿಮೆ, ನೆಲದ ಮೇಲೆ ತೆವಳಿಕೊಂಡು ಹೋಗುವುದೂ ಇದೆ. ಅದಕ್ಕೆಲ್ಲ ಸೇರಿ 35 ನಿಮಿಷ.

ಟೋಕಿಯೊ–ಲಾಸ್ ಏಂಜಲೀಸ್‌ಗೆ ಹಾಕಿ ನೋಡಿ. 8,815ಕ್ಕೆ ನಾಲ್ಕು ಪರ್ಸೆಂಟ್ ಸೇರಿಸಿದರೆ 9,170. ಅದನ್ನು 900ರಿಂದ ಭಾಗಿಸಿದರೆ 10 ಗಂಟೆ 10 ನಿಮಿಷ. ಮೇಲೆ 35 ನಿಮಿಷ. ಹತ್ತೂ ಮುಕ್ಕಾಲು ಗಂಟೆ.

ಈಗ ಟೈಮ್ ಟೇಬಲ್ ತೆಗೆದು ನೋಡಿದರೆ ಟೋಕಿಯೊದಿಂದ ಹೋಗುವಾಗ 10 ಗಂಟೆ ಅಂತಿರುತ್ತದೆ, ವಾಪಸ್ ಬರುವಾಗ ಹನ್ನೆರಡರ ಹತ್ತಿರ ಹೋಗಿರುತ್ತದೆ. ಅದೇ ದಾರಿ, ಅದೇ ಥರದ ವಿಮಾನ. ಕಾರಣ ಗಾಳಿ.

ಭೂಮಧ್ಯ ರೇಖೆಗೂ ಧ್ರುವಗಳಿಗೂ ನಡುವಿನ ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಬೀಸುತ್ತಿರುತ್ತದೆ. ಇದೇ ಜೆಟ್ ಸ್ಟ್ರೀಮ್. ಕೆಲವು ಕಡೆ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಹೊಳೆಯಲ್ಲಿ ಹರಿವಿನ ಜೊತೆ ಈಜುವುದಕ್ಕೂ ಎದುರು ಈಜುವುದಕ್ಕೂ ಇರುವಷ್ಟು ವ್ಯತ್ಯಾಸ ಇಲ್ಲೂ ಇದೆ. ಪೂರ್ವಕ್ಕೆ ಹೋಗುವ ಪೈಲಟ್ ಈ ಗಾಳಿಯನ್ನು ಹುಡುಕಿಕೊಂಡು ಹೋಗುತ್ತಾರೆ, ಪಶ್ಚಿಮಕ್ಕೆ ಹೋಗುವವರು ಅದರಿಂದ ತಪ್ಪಿಸಿಕೊಂಡು ಹೋಗುತ್ತಾರೆ. ಅದಕ್ಕೇ ಹೋಗುವ ದಾರಿ, ಬರುವ ದಾರಿ ಭೂಪಟದಲ್ಲಿ ಬೇರೆ ಬೇರೆ ಕಾಣುತ್ತವೆ.

ಲೆಕ್ಕಕ್ಕೆ ಹೀಗೆ ಮಾಡಿ. ಪೂರ್ವಕ್ಕೆ ಹೋಗುವಾಗ 900ಕ್ಕೆ 80 ಸೇರಿಸಿ, ಪಶ್ಚಿಮಕ್ಕೆ ಹೋಗುವಾಗ 80 ಕಳೆಯಿರಿ. 9,170ನ್ನು 980ರಿಂದ ಭಾಗಿಸಿದರೆ 9 ಗಂಟೆ 20 ನಿಮಿಷ, 35 ನಿಮಿಷ ಸೇರಿಸಿದರೆ 10 ಗಂಟೆಗೆ ಐದೇ ನಿಮಿಷ ಕಡಿಮೆ. 820ರಿಂದ ಭಾಗಿಸಿದರೆ 11 ಗಂಟೆ 10 ನಿಮಿಷ, ಸೇರಿಸಿದರೆ ಹನ್ನೊಂದೂ ಮುಕ್ಕಾಲು. ಟೈಮ್ ಟೇಬಲ್‌ಗೆ ಸರಿಯಾಗಿ ಹತ್ತಿರ ಬಂತು ನೋಡಿ. ಲಂಡನ್–ನ್ಯೂಯಾರ್ಕ್ ನಡುವೆಯೂ ಇದೇ ಕಥೆ, 5,540 ಕಿಲೋಮೀಟರ್ ದಾರಿಗೆ ಪೂರ್ವಕ್ಕೆ ಏಳು ಗಂಟೆಯೊಳಗೆ ಮುಗಿಯುವುದು ಪಶ್ಚಿಮಕ್ಕೆ ಏಳೂವರೆ, ಎಂಟು ಆಗುತ್ತದೆ. 2020ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಮೇಲೆ ಬಿರುಗಾಳಿ ಎದ್ದಿದ್ದಾಗ ಒಂದು ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ 5 ಗಂಟೆಯೂ ಆಗದೆ, 4 ಗಂಟೆ 56 ನಿಮಿಷಕ್ಕೆ ಬಂದಿಳಿಯಿತು.

ಈ 80ರ ಲೆಕ್ಕ ಎಲ್ಲ ಕಡೆಗೂ ಹಾಕಬೇಡಿ. ಉತ್ತರ ದಕ್ಷಿಣವಾಗಿ ಹೋಗುವ ದಾರಿಗೆ ಗಾಳಿ ಅಡ್ಡ ಬೀಸುತ್ತದೆ, ಎರಡೂ ಕಡೆಗೆ ಸಮಯ ಹೆಚ್ಚುಕಡಿಮೆ ಒಂದೇ. ಭೂಮಧ್ಯ ರೇಖೆಯ ಹತ್ತಿರದಲ್ಲಿ ಜೆಟ್ ಸ್ಟ್ರೀಮ್ ಕಾಟ ಇಲ್ಲ. ಅಲ್ಲಿ 900 ಇಟ್ಟುಕೊಂಡರೆ ಸಾಕು.

ಐದನೇ ಹೆಜ್ಜೆ: ದಾರಿಯಲ್ಲಿ ಅಡ್ಡಿ ಏನಿದೆ

ಕೆಲವು ಸಲ ನಾಲ್ಕು ಪರ್ಸೆಂಟ್ ಏನೇನೂ ಸಾಲುವುದಿಲ್ಲ. ಹೆಲ್ಸಿಂಕಿಯಿಂದ ಟೋಕಿಯೊಗೆ ಗ್ರೇಟ್ ಸರ್ಕಲ್ ದಾರಿ 8,000 ಕಿಲೋಮೀಟರ್‌ಗೂ ಕಡಿಮೆ, ಬಹುಪಾಲು ರಷ್ಯಾದ ಮೇಲೆಯೇ ಹೋಗುತ್ತದೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಹತ್ತು ಗಂಟೆಯೊಳಗೆ ಮುಗಿಯುತ್ತಿದ್ದ ಹಾದಿಗೆ ಸುಮಾರು 13 ಗಂಟೆ ಹಿಡಿಯತೊಡಗಿತು. ಫಿನ್‌ಲೆಂಡಿನ ವಿಮಾನಗಳು ಉತ್ತರ ಧ್ರುವದ ಮೇಲಿಂದ ಸುತ್ತಿಕೊಂಡು ಟೋಕಿಯೊಗೆ ಹೋದವು. ಎರಡು ಊರುಗಳೂ ಇದ್ದಲ್ಲೇ ಇವೆ, ಅವುಗಳ ನಡುವಿನ ದೂರವೂ ಅಷ್ಟೇ ಇದೆ. ದೂರ ಮಾತ್ರ ತೋರಿಸುವ ಕ್ಯಾಲ್ಕುಲೇಟರ್‌ಗೆ ಇದ್ಯಾವುದೂ ಗೊತ್ತಿರುವುದಿಲ್ಲ.

ಟಿಬೆಟ್ ಪ್ರಸ್ಥಭೂಮಿಯ ಮೇಲೂ ವಿಮಾನಗಳು ಆದಷ್ಟು ಹೋಗುವುದಿಲ್ಲ. ಕ್ಯಾಬಿನ್ ಒತ್ತಡ ಕಡಿಮೆಯಾದರೆ ಪೈಲಟ್ ತಕ್ಷಣ 10,000 ಅಡಿಯ ಆಸುಪಾಸಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಇನ್ನು ಎರಡು ಎಂಜಿನ್ ವಿಮಾನಗಳಿಗೆ ಬೇರೆ ನಿಯಮ: ಒಂದು ಎಂಜಿನ್ ಕೆಟ್ಟರೆ ಇಷ್ಟು ನಿಮಿಷದೊಳಗೆ ಇಳಿಯಲು ಯಾವುದಾದರೂ ನಿಲ್ದಾಣ ಸಿಗುವಷ್ಟು ಹತ್ತಿರದಲ್ಲೇ ಹಾರಬೇಕು. ಸಿಡ್ನಿ–ಸ್ಯಾಂಟಿಯಾಗೋ ಥರ ದಕ್ಷಿಣ ಪೆಸಿಫಿಕ್ ದಾಟುವ ದಾರಿಗಳಲ್ಲಿ ಇದು ದೊಡ್ಡ ವಿಷಯ, ಅಲ್ಲಿ ನೀರು ಬಿಟ್ಟರೆ ಬೇರೇನೂ ಇಲ್ಲ.

ಇದನ್ನೆಲ್ಲ ನೀವು ಊಹಿಸಬೇಕಾಗಿಲ್ಲ. ವಿಮಾನಗಳ ಹಾರಾಟ ತೋರಿಸುವ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್ ಸೈಟ್‌ನಲ್ಲಿ ಆ ಫ್ಲೈಟ್ ನಂಬರ್ ಹಾಕಿ, ಕಳೆದ ಕೆಲವು ದಿನ ಅದು ಯಾವಾಗ ಮೇಲೆದ್ದಿತು, ಯಾವಾಗ ಇಳಿಯಿತು, ಯಾವ ದಾರಿ ಹಿಡಿಯಿತು ಅಂತ ನೋಡಿ. ನನ್ನ ಪ್ರಕಾರ ಇಡೀ ಲೇಖನದಲ್ಲಿ ಅತಿ ಉಪಯೋಗದ ಮಾತು ಇದೇ. ನಿಮ್ಮ ಲೆಕ್ಕ ಮತ್ತು ನಿಜವಾದ ಹಾರಾಟ ಒಂದು ಗಂಟೆಗಿಂತ ಜಾಸ್ತಿ ಬೇರೆ ಬಂದರೆ ಭೂಪಟದ ಮೇಲಿನ ಗೆರೆ ನೋಡಿ, ಎಲ್ಲಿ ಸುತ್ತು ಹಾಕಿದೆ ಅಂತ ಅಲ್ಲೇ ಕಾಣುತ್ತದೆ.

ಆದರೆ ಅಲ್ಲಿ ಕಾಣುವ ಮೇಲೆದ್ದ ಸಮಯವೂ ಟಿಕೆಟ್‌ನಲ್ಲಿರುವ ಸಮಯವೂ ಒಂದೇ ಅಲ್ಲ. ಟಿಕೆಟ್‌ನಲ್ಲಿ ಹೊರಡುವ ಸಮಯ ಅಂದರೆ ವಿಮಾನ ಗೇಟ್ ಬಿಟ್ಟು ಹಿಂದೆ ಸರಿಯುವ ಸಮಯ. ಮುಟ್ಟುವ ಸಮಯ ಅಂದರೆ ಇಳಿದು ಗೇಟಿಗೆ ಬಂದು ನಿಲ್ಲುವ ಸಮಯ. ತಡವಾಗಬಹುದು ಅಂತ ಕಂಪನಿಗಳು ಇದರಲ್ಲೇ ಸ್ವಲ್ಪ ಹೆಚ್ಚುವರಿ ಹೊತ್ತು ಇಟ್ಟಿರುತ್ತವೆ. ಹೊರಡುವಾಗ 20 ನಿಮಿಷ ತಡವಾದ ವಿಮಾನ ಸರಿಯಾದ ಸಮಯಕ್ಕೆ ಮುಟ್ಟುವುದು ಹೀಗೆ.

ಆರನೇ ಹೆಜ್ಜೆ: ಗಡಿಯಾರ ಮತ್ತು ತಾರೀಖು

ಟಿಕೆಟ್‌ನಲ್ಲಿರುವ ಪ್ರತಿ ಸಮಯವೂ ಆಯಾ ಊರಿನ ಸಮಯ. ಹೊರಡುವ ಸಮಯವನ್ನು ಮುಟ್ಟುವ ಸಮಯದಿಂದ ಹಾಗೇ ಕಳೆದರೆ ತಪ್ಪು ಉತ್ತರ ಬರುತ್ತದೆ. ಎರಡನ್ನೂ ಮೊದಲು ಯುಟಿಸಿಗೆ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯಕ್ಕೆ ಬದಲಾಯಿಸಿ, ಆಮೇಲೆ ಕಳೆಯಿರಿ.

ಟೋಕಿಯೊ ಯುಟಿಸಿಗಿಂತ 9 ಗಂಟೆ ಮುಂದೆ. ಲಾಸ್ ಏಂಜಲೀಸ್ ಚಳಿಗಾಲದಲ್ಲಿ 8 ಗಂಟೆ ಹಿಂದೆ. ಸಂಜೆ 5ಕ್ಕೆ ಟೋಕಿಯೊ ಬಿಟ್ಟರೆ ಯುಟಿಸಿಯಲ್ಲಿ ಬೆಳಗ್ಗೆ 8. ಹತ್ತು ಗಂಟೆ ಹಾರಿದರೆ ಸಂಜೆ 6. ಅದರಿಂದ 8 ಕಳೆದರೆ ಬೆಳಗ್ಗೆ 10. ಅದೇ ದಿನ! ಸಂಜೆ ಹೊರಟು ಅದೇ ದಿನ ಬೆಳಗ್ಗೆ ಮುಟ್ಟಿದಿರಿ. ವಾಪಸ್ ಬರುವಾಗ ಬೆಳಗ್ಗೆ 11ಕ್ಕೆ ಹೊರಟು 12 ಗಂಟೆ ಹಾರಿದರೆ ಟೋಕಿಯೊದಲ್ಲಿ ಮರುದಿನ ಸಂಜೆ 4. ಹೋಗುವಾಗ ಸಿಕ್ಕ ದಿನವನ್ನು ಬರುವಾಗ ಕೊಟ್ಟುಬರುತ್ತೀರಿ, ಹೋಟೆಲ್ ರಾತ್ರಿಗಳನ್ನು ಎಣಿಸುವಾಗ ಇದು ನೆನಪಿರಲಿ.

ದಿನಾಂಕ ರೇಖೆಯ ಹತ್ತಿರ ಇದು ಇನ್ನೂ ವಿಚಿತ್ರ. ಸಮೋವಾದ ಆಪಿಯಾ ಮತ್ತು ಅಮೆರಿಕನ್ ಸಮೋವಾದ ಪಾಗೊ ಪಾಗೊ ಪಕ್ಕ ಪಕ್ಕದ ದ್ವೀಪಗಳು, ವಿಮಾನದಲ್ಲಿ ಒಂದು ಗಂಟೆಯೂ ಬೇಡ. ಆದರೆ ಎರಡರ ನಡುವೆ ಪೂರ್ತಿ 24 ಗಂಟೆ ವ್ಯತ್ಯಾಸ. 2011ರ ಕೊನೆಯಲ್ಲಿ ಸಮೋವಾ ರೇಖೆಯ ಆ ಕಡೆಯಿಂದ ಈ ಕಡೆಗೆ ಬಂತು, ಅದಕ್ಕಾಗಿ ಡಿಸೆಂಬರ್ 30 ಎಂಬ ದಿನವನ್ನೇ ಬಿಟ್ಟುಬಿಟ್ಟಿತು. ಆಪಿಯಾದಿಂದ ಹೊರಟವರು ಪಾಗೊ ಪಾಗೊದಲ್ಲಿ ಹಿಂದಿನ ದಿನ ಇಳಿಯುತ್ತಾರೆ.

ಬೇಸಿಗೆ ಸಮಯ ಅಂತ ಗಡಿಯಾರ ತಿರುಗಿಸುವ ದೇಶಗಳ ಬಗ್ಗೆ ಜಾಗ್ರತೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಮುಂದಿಡುತ್ತಾರೆ, ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಲಂಡನ್ ಮತ್ತು ನ್ಯೂಯಾರ್ಕ್ ನಡುವೆ 5 ಗಂಟೆ ಬದಲು 4 ಗಂಟೆ ವ್ಯತ್ಯಾಸ ಇರುತ್ತದೆ. ಸಿಡ್ನಿಯಲ್ಲಿ ಬೇಸಿಗೆ ಬರುವುದೇ ಅಕ್ಟೋಬರ್ ಮೇಲೆ, ಹಾಗಾಗಿ ಲಂಡನ್–ಸಿಡ್ನಿ ನಡುವಿನ ವ್ಯತ್ಯಾಸ ವರ್ಷದಲ್ಲಿ 9, 10, 11 ಅಂತ ಬದಲಾಗುತ್ತಲೇ ಇರುತ್ತದೆ. ಪ್ರಯಾಣದ ತಾರೀಖಿಗೆ ಯಾವ ವ್ಯತ್ಯಾಸ ಇದೆಯೋ ಅದನ್ನೇ ನೋಡಿ, ಇವತ್ತಿನದ್ದನ್ನಲ್ಲ. ಅರ್ಧ, ಮುಕ್ಕಾಲು ಗಂಟೆಯ ವಲಯಗಳೂ ಇವೆ, ಭಾರತ ಐದೂವರೆ ಗಂಟೆ ಮುಂದೆ, ನೇಪಾಳ ಐದೂ ಮುಕ್ಕಾಲು.

ಇನ್ನೊಂದು ಮಾತು. ಟಿಕೆಟ್‌ನಲ್ಲಿ 10ನೇ ತಾರೀಖು 00:30 ಅಂತ ಇದ್ದರೆ ನೀವು ನಿಲ್ದಾಣಕ್ಕೆ ಹೋಗಬೇಕಾದ್ದು 9ನೇ ತಾರೀಖು ರಾತ್ರಿ. 10ರ ರಾತ್ರಿ ಹೋದರೆ ವಿಮಾನ ಹೋಗಿ ಹೆಚ್ಚುಕಡಿಮೆ ಒಂದು ದಿನ ಆಗಿರುತ್ತದೆ. ಮುಟ್ಟುವ ಸಮಯದ ಪಕ್ಕ ಸಣ್ಣದಾಗಿ +1 ಅಂತ ಇದ್ದರೆ ಮರುದಿನ, +2 ಅಂತ ಇದ್ದರೆ ಅದರ ಮರುದಿನ.

ಏಳನೇ ಹೆಜ್ಜೆ: ನಡುವೆ ಇಳಿಯುವುದಾದರೆ

ಈಗ ನೈರೋಬಿ–ಲಿಮಾಗೆ ಬರೋಣ. ಆಮ್‌ಸ್ಟರ್‌ಡ್ಯಾಮ್ ಮೂಲಕ ಹೋಗಬಹುದು. ನೈರೋಬಿಯಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಸುಮಾರು 6,670 ಕಿಲೋಮೀಟರ್, ಅಲ್ಲಿಂದ ಲಿಮಾಗೆ 10,520. ಒಟ್ಟು 17,190. ನೇರ ದೂರಕ್ಕಿಂತ 4,600 ಕಿಲೋಮೀಟರ್‌ಗೂ ಜಾಸ್ತಿ, ಯಾಕಂದ್ರೆ ಭೂಮಧ್ಯ ರೇಖೆಯ ಪಕ್ಕದಿಂದ ಯುರೋಪಿನ ಉತ್ತರಕ್ಕೆ ಹೋಗಿ ಮತ್ತೆ ರೇಖೆ ದಾಟಿ ಕೆಳಗೆ ಬರಬೇಕು. ಮೊದಲ ಹಾರಾಟಕ್ಕೆ ಎಂಟೂಕಾಲು ಗಂಟೆ, ಎರಡನೆಯದಕ್ಕೆ ಹನ್ನೆರಡು ಗಂಟೆ 40 ನಿಮಿಷ, ನಡುವೆ 4 ಗಂಟೆ ಕಾಯುವುದು ಅಂತ ಇಟ್ಟುಕೊಳ್ಳಿ. ಒಟ್ಟು 25 ಗಂಟೆ.

ನೈರೋಬಿ ಯುಟಿಸಿಗಿಂತ 3 ಗಂಟೆ ಮುಂದೆ, ಲಿಮಾ 5 ಗಂಟೆ ಹಿಂದೆ. ಸೋಮವಾರ ರಾತ್ರಿ 11ಕ್ಕೆ ಹೊರಟರೆ ಲಿಮಾ ಮುಟ್ಟುವುದು ಮಂಗಳವಾರ ಸಂಜೆ 4ಕ್ಕೆ. ಟಿಕೆಟ್ ನೋಡಿದರೆ 17 ಗಂಟೆ ಅನ್ನಿಸುತ್ತದೆ. ಆದರೆ ಮೈಗೆ ಬೀಳುವುದು 25 ಗಂಟೆ, ಎಂಟು ಗಂಟೆಯ ವ್ಯತ್ಯಾಸ ಗಡಿಯಾರದೊಳಗೆ ಅಡಗಿ ಕೂತಿರುತ್ತದೆ.

ಎಲ್ಲಿ ಇಳಿಯಬೇಕು ಅಂತ ಆರಿಸುವಾಗ ಎರಡು ತುಂಡುಗಳ ಒಟ್ಟು ದೂರವನ್ನು ನೇರ ದೂರಕ್ಕೆ ಹೋಲಿಸಿ. ಕಾಲು ಭಾಗದವರೆಗೆ ಜಾಸ್ತಿಯಾದರೆ ಪರವಾಗಿಲ್ಲ. ಇಲ್ಲಿ ಮೂರನೇ ಒಂದು ಭಾಗಕ್ಕಿಂತಲೂ ಜಾಸ್ತಿಯಾಗಿದೆ, ಬೇರೆ ಒಳ್ಳೆಯ ಕನೆಕ್ಷನ್ ಸಿಗದಿದ್ದರೆ ಒಪ್ಪಿಕೊಳ್ಳಬೇಕಾದ ಸುತ್ತು. ಆದರೆ ದೂರ ಕಡಿಮೆ ಅಂತ ಒಂಬತ್ತು ಗಂಟೆ ಕಾಯುವ ಕನೆಕ್ಷನ್ ತೆಗೆದುಕೊಳ್ಳುವುದಕ್ಕಿಂತ, ಸ್ವಲ್ಪ ಸುತ್ತಾದರೂ ಮೂರು ಗಂಟೆಯಲ್ಲಿ ಮುಂದಿನ ವಿಮಾನ ಸಿಗುವುದೇ ಮೇಲು.

ಎಷ್ಟು ಹೊತ್ತು ಕಾಯುವ ಅಂತರ ಇರಬೇಕು? ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿದ್ದರೆ ಕಂಪನಿಗಳೇ ಆಯಾ ನಿಲ್ದಾಣಕ್ಕೆ ಇಂತಿಷ್ಟು ಅಂತ ಕನಿಷ್ಠ ಸಮಯ ಇಟ್ಟಿರುತ್ತವೆ, ಅದಕ್ಕಿಂತ ಕಡಿಮೆ ಇದ್ದರೆ ಟಿಕೆಟ್ ಮಾರುವುದೇ ಇಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದಕ್ಕೆ ಕೂರಿಸುವ ಹೊಣೆ ಅವರದ್ದು. ಆದರೂ ಆ ಕನಿಷ್ಠ ಸಮಯ ನಿಜಕ್ಕೂ ಕನಿಷ್ಠ. ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಓಡಿ, ಮತ್ತೆ ಸೆಕ್ಯುರಿಟಿ ಸಾಲಿನಲ್ಲಿ ನಿಂತು, ಗೇಟ್ ಹುಡುಕುವಷ್ಟರಲ್ಲಿ ಮುಗಿದೇ ಹೋಗುತ್ತದೆ. ದಿನಕ್ಕೆ ಒಂದೇ ವಿಮಾನ ಇರುವ ಊರಿಗೆ ಹೋಗುವವರು ಎರಡೂವರೆ ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ.

ಎರಡು ಬೇರೆ ಬೇರೆ ಟಿಕೆಟ್ ತೆಗೆದಿದ್ದರೆ ಲೆಕ್ಕವೇ ಬೇರೆ. ಎರಡನೇ ಕಂಪನಿಗೆ ನಿಮ್ಮ ಮೊದಲ ವಿಮಾನದ ಗೊಡವೆಯೇ ಇಲ್ಲ. ಲಗೇಜ್ ನೀವೇ ತೆಗೆದುಕೊಂಡು ಮತ್ತೆ ಚೆಕ್ ಇನ್ ಮಾಡಬೇಕಾಗಬಹುದು, ಅದಕ್ಕೆ ಆ ದೇಶದೊಳಗೆ ಕಾಲಿಡಬೇಕು, ಕಾಲಿಡಲು ವೀಸಾ ಬೇಕಾಗಬಹುದು. ಅಮೆರಿಕದ ಮೂಲಕ ಬೇರೆ ದೇಶಕ್ಕೆ ಹೋಗುವವರಂತೂ ಒಂದೇ ಟಿಕೆಟ್ ಇದ್ದರೂ ಅಲ್ಲಿ ಇಮಿಗ್ರೇಷನ್ ಮುಗಿಸಲೇಬೇಕು. ಇಳಿಯುವುದು ನರೀತಾದಲ್ಲಿ, ಹತ್ತುವುದು ಹನೇಡಾದಲ್ಲಿ ಅಂತಿದ್ದರೆ ಟೋಕಿಯೊ ದಾಟಿ ಹೋಗಬೇಕು. ಅಂಥ ಕಡೆ ಐದಾರು ಗಂಟೆ ಬೇಕು, ಸಾಧ್ಯವಾದರೆ ರಾತ್ರಿ ಅಲ್ಲೇ ಉಳಿದು ಮರುದಿನ ಹೋಗಿ.

ಎಂಟನೇ ಹೆಜ್ಜೆ: ಎರಡು ತುದಿಗಳು

ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಮನೆಯಿಂದ ನಿಲ್ದಾಣಕ್ಕೆ ಹೋಗುವ ಹೊತ್ತು ಸೇರಿಸಿ. ಇಳಿದ ಮೇಲೆ ಇಮಿಗ್ರೇಷನ್, ಲಗೇಜ್, ಕಸ್ಟಮ್ಸ್‌ಗೆ ಒಂದೂವರೆ ಗಂಟೆ ಇಡಿ. ಅಲ್ಲಿಂದ ಊರೊಳಗೆ ಹೋಗುವ ಹೊತ್ತು ಬೇರೆ. ನೈರೋಬಿ–ಲಿಮಾದ 25 ಗಂಟೆ ಹೀಗೆ 30 ದಾಟುತ್ತದೆ. ಶುರುವಿನಲ್ಲಿ ಕ್ಯಾಲ್ಕುಲೇಟರ್ ಕೊಟ್ಟದ್ದು 14.

ಹಾಳೆಯ ಮೇಲೆ ಕೊನೆಗೆ ಉಳಿಯಬೇಕಾದ್ದು ಇಷ್ಟು: ಪ್ರತಿ ವಿಮಾನದ ನಂಬರ್, ಹೊರಡುವ ಮತ್ತು ಮುಟ್ಟುವ ಸಮಯ ಆಯಾ ಊರಿನದ್ದು, ಪಕ್ಕದಲ್ಲೇ ಯುಟಿಸಿ ಸಮಯ, ಕಾಯುವ ಹೊತ್ತು, ಒಟ್ಟು ಗಂಟೆ. ಮುಟ್ಟುವ ತಾರೀಖಿನ ಪಕ್ಕ ವಾರದ ಹೆಸರನ್ನೂ ಬರೆಯಿರಿ. ತಾರೀಖು ಒಂದು ದಿನ ತಪ್ಪಿದ್ದರೆ ವಾರದ ಹೆಸರು ನೋಡಿದಾಗ ಕಣ್ಣಿಗೆ ಬೀಳುತ್ತದೆ. ಅದನ್ನೇ ಫೋಟೋ ತೆಗೆದು ಅಲ್ಲಿ ಕರೆದುಕೊಂಡು ಹೋಗಲು ಬರುವವರಿಗೆ ಕಳಿಸಿ. ಅವರಿಗೆ ಮುಖ್ಯವಾಗಿ ಬೇಕಾದ್ದು ಕೊನೆಯ ವಿಮಾನದ ನಂಬರ್. ನಿಮ್ಮ ಫೋನ್ ಆಫ್ ಆಗಿದ್ದರೂ ವಿಮಾನ ಎಲ್ಲಿದೆ, ಎಷ್ಟು ತಡವಾಗಿದೆ ಅಂತ ಅವರು ಅದರಿಂದಲೇ ನೋಡಿಕೊಳ್ಳುತ್ತಾರೆ.